‘12 ವೋಲ್ಟ್’ ಎಂದಷ್ಟೇ ಬರೆದು ಸಹಿ ಹಾಕಿದವರಿಗೊಂದು ಬಹಿರಂಗ ಪತ್ರ

ಗೆ,
ಕೆರೆ, ಜಲಾಶಯಗಳ ರಕ್ಷಣಾ ದೋಣಿಗಳಿಗೆ ಸಾಮಾನು ಕೊಳ್ಳಲು ಟೆಂಡರ್ ಷರತ್ತು ಬರೆಯುವ, ಬಂದ ಸಾಮಾನು ಪರಿಶೀಲಿಸುವ, ಬಿಲ್ಲಿಗೆ ಸಹಿ ಹಾಕುವ ಎಲ್ಲ ಅಧಿಕಾರಿಗಳಿಗೆ,
ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು.

ವಿಷಯ: ದೋಣಿಯಿಂದ ದಡದವರ ಜೊತೆ ಮಾತಾಡುವ ರೇಡಿಯೋ ಸೆಟ್ಟಿಗೆ ತಲುಪಬೇಕಾದ ವೋಲ್ಟೇಜ್ ಬಗ್ಗೆ.

ಮಾನ್ಯರೇ,

ತುಮಕೂರಿನ ಶಿರಾ ಗೇಟ್ ಕಡೆ ನನ್ನದೊಂದು ಬ್ಯಾಟರಿ ಅಂಗಡಿ ಇದೆ. ಲಾರಿ, ಟ್ರ್ಯಾಕ್ಟರ್, ಮನೆಯ ಯುಪಿಎಸ್, ಮದುವೆ ಮನೆಯ ಜನರೇಟರ್, ಯಾವುದರ ಬ್ಯಾಟರಿ ಬಂದರೂ ನೋಡುತ್ತೇನೆ. ಅಂಗಡಿ ಹಾಕುವ ಮೊದಲು ಆರು ವರ್ಷ ಮಲ್ಪೆ ಬಂದರಿನಲ್ಲಿ ದೋಣಿಗಳ ವೈರಿಂಗ್ ಕೆಲಸ ಮಾಡಿದವನು. ಹಾಗಾಗಿ ದೋಣಿಯ ರೇಡಿಯೋ ಕೈಗೆತ್ತಿಕೊಳ್ಳುವ ಬ್ಯಾಟರಿಯವನು ನಮ್ಮ ಊರಿನಲ್ಲಿ ನಾನೊಬ್ಬನೇ ಇರಬಹುದು. ಈ ವಿಷಯವನ್ನು ಮೊದಲು ಅರ್ಜಿಯಾಗಿಯೇ ಕೊಟ್ಟಿದ್ದೆ. ಸ್ವೀಕೃತಿಯ ಸೀಲು ಬಿತ್ತು, ಉತ್ತರ ಬರಲಿಲ್ಲ. ಇನ್ನೊಂದು ಮಳೆಗಾಲ ಬರುವ ಮೊದಲು ನಿಮ್ಮ ಕಣ್ಣಿಗೆ ಬೀಳಲಿ ಎಂದು ಎಲ್ಲರೆದುರು ಬರೆಯುತ್ತಿದ್ದೇನೆ.

ನಮ್ಮದು ಬರದ ಸೀಮೆ. ಕೆರೆ ಅಂಗಳದಲ್ಲಿ ಜಾಲಿ ಬೆಳೆದು, ಹುಡುಗರು ಕ್ರಿಕೆಟ್ ಆಡಿ, ದನ ಮೇಯಿಸಿ ಎರಡು ತಲೆಮಾರು ಕಳೆದವು. ಆಮೇಲೆ ನೀರು ಬಂತು. ಬೆಂಗಳೂರಿನ ಕೊಳಚೆ ನೀರು ಶುದ್ಧಿ ಮಾಡಿ ಕೆರೆ ತುಂಬಿಸುವ ಯೋಜನೆಗಳಿಂದ ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿ, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿ, ನಮಗೆ ಹೇಮಾವತಿ ನಾಲೆಯ ನೀರು. 2021ರ ನವೆಂಬರ್‌ನಲ್ಲಿ ಸುರಿದ ಮಳೆಗಂತೂ ಮೂರೂ ಜಿಲ್ಲೆಗಳಲ್ಲಿ ಎಷ್ಟೋ ವರ್ಷಗಳಿಂದ ತುಂಬದ ಕೆರೆಗಳು ಕೋಡಿ ಬಿದ್ದವು. ಬಾಗಿನ ಬಿಟ್ಟರು, ಸೆಲ್ಫಿ ತೆಗೆದುಕೊಂಡರು, ಕೆಲವರು ನೀರಿಗೂ ಬಿದ್ದರು. ನೀರಿನ ಹಿಂದೆಯೇ ದೋಣಿ ಬಂತು, ದೋಣಿಯ ಹಿಂದೆ ರೇಡಿಯೋ ಬಂತು. ತಂದದ್ದು ಒಳ್ಳೆಯ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ. ಸೆಟ್ಟಿನ ಪರವಾನಗಿ, ಚಾನೆಲ್ಲಿನ ಮಾತೂ ನನ್ನದಲ್ಲ. ನನ್ನ ಮಾತು ಸೆಟ್ಟಿನ ಹಿಂದೆ ಬರುವ ಎರಡು ವೈರುಗಳದ್ದು, ಒಂದು ಕೆಂಪು, ಒಂದು ಕಪ್ಪು.

ಹೋದ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ಕೆರೆಯ ಹೆಸರಾಗಲಿ ಇಲಾಖೆಯ ಹೆಸರಾಗಲಿ ಬರೆಯುವುದಿಲ್ಲ. ಬರೆದರೆ ಮೆಮೋ ಹೋಗುವುದು ಆ ದಿನ ದೋಣಿಯಲ್ಲಿದ್ದ ಮೂವರು ಹುಡುಗರಿಗೆ. ತಪ್ಪು ಅವರದ್ದಲ್ಲ.

ಸಂಜೆ ಐದೂವರೆಯ ಸುಮಾರಿಗೆ, ಹಸು ಹುಡುಕಿಕೊಂಡು ಕೆರೆ ಹಿನ್ನೀರಿನ ಕಡೆ ಹೋದ ಮುದುಕರೊಬ್ಬರು ವಾಪಸ್ ಬಂದಿಲ್ಲ ಎಂದು ಕರೆ ಬಂತು. ಹುಡುಗರು ದೋಣಿ ಇಳಿಸಿದರು. ಅರ್ಧ ಕೆರೆ ದಾಟುವಷ್ಟರಲ್ಲಿ ಎಂಜಿನ್ನಿನ ಫ್ಯಾನಿಗೆ ಜೊಂಡು ಸುತ್ತಿಕೊಂಡು ನಿಂತುಹೋಯಿತು. ಗಾಳಿ ದೋಣಿಯನ್ನು ಕೋಡಿಯ ಕಡೆಗೆ ತಳ್ಳತೊಡಗಿತು. ಒಬ್ಬ ರೇಡಿಯೋದ ಮೈಕ್ ತೆಗೆದು, ಮಾತಾಡುವಾಗ ಒತ್ತಿ ಹಿಡಿಯಬೇಕಾದ ಅದರ ಕೀ ಒತ್ತಿದ. ಸೆಟ್ಟಿನ ದೀಪ ಆರಿತು. ಕೀ ಬಿಟ್ಟ, ದೀಪ ಮತ್ತೆ ಹತ್ತಿತು. ಮತ್ತೆ ಒತ್ತಿದ, ಮತ್ತೆ ಆರಿತು. ಹೀಗೆ ಇಪ್ಪತ್ತು ಸಲವಾದರೂ ಮಾಡಿರಬೇಕು. ಆದರೆ ಏರಿಯ ಮೇಲಿದ್ದವರ ದನಿ ಮಾತ್ರ ಅದೇ ಸೆಟ್ಟಿನಲ್ಲಿ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು: “ಎಲ್ಲಿದೀರಾ? ವಾಪಸ್ ಬನ್ನಿ, ಅಜ್ಜ ಸಿಕ್ಕಿದಾರೆ, ವಾಪಸ್ ಬನ್ನಿ.” ಆ ಪುಣ್ಯಾತ್ಮ ಹಸು ಹೊಡೆದುಕೊಂಡು ಆಚೆ ಏರಿಯಿಂದ ಮನೆ ಸೇರಿ ಮುದ್ದೆಗೆ ಕೂತಿದ್ದರಂತೆ. ಹುಡುಗರು ಎಲ್ಲವನ್ನೂ ಕೇಳಿಸಿಕೊಂಡರು. ಒಂದು ಮಾತಿಗೂ ಉತ್ತರ ಕೊಡಲಾಗಲಿಲ್ಲ. ಮುಳುಗಿದ್ದ ಜಾಲಿ ಮರವೊಂದರ ತಲೆ ನೀರಿನ ಮೇಲಿತ್ತು. ಅದನ್ನೇ ತಬ್ಬಿ ಹಿಡಿದು ರಾತ್ರಿ ಒಂಬತ್ತರವರೆಗೆ ಕೂತರು. ಕೊನೆಗೆ ಮೀನು ಹಿಡಿಯುವವನೊಬ್ಬ ಲಾರಿ ಟ್ಯೂಬಿನ ಮೇಲೆ ಹಲಗೆ ಕಟ್ಟಿಕೊಂಡು ಹಗ್ಗ ತಂದ. ರಕ್ಷಣಾ ದೋಣಿಯನ್ನು ಲಾರಿ ಟ್ಯೂಬು ರಕ್ಷಿಸಿತು. ಮರುದಿನ ಆ ಹುಡುಗರ ಅಂಗೈ ನೋಡಿದೆ, ಜಾಲಿ ಮುಳ್ಳು ಮುರಿದುಕೊಂಡು ಒಳಗೇ ಉಳಿದಿತ್ತು.

ಮರುದಿನ ಅವರು ಅಂಗಡಿಗೆ ಬಂದು, “ಅಣ್ಣಾ, ಸೆಟ್ ಬಿಚ್ಕೊಂಡು ಬರ್ತೀವಿ, ನೋಡಿಕೊಡಿ” ಎಂದರು. ಏನನ್ನೂ ಬಿಚ್ಚಬೇಡಿ, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಹೇಳಿ ನಾನೇ ಮೀಟರ್ ಹಿಡಿದುಕೊಂಡು ಕೆರೆಗೆ ಹೋದೆ. ಸೆಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅಂಗಡಿಯ ಪವರ್ ಸಪ್ಲೈಗೆ ತಗಲಿಸಿದರೆ ಅದು ಚೆನ್ನಾಗಿಯೇ ಮಾತಾಡುತ್ತದೆ. ಆಗ ‘ಸೆಟ್ಟಿನಲ್ಲಿ ದೋಷವಿಲ್ಲ’ ಎಂದು ಚೀಟಿ ಬರೆದು ಕಳಿಸುತ್ತಾರೆ. ದೋಷ ಇದ್ದದ್ದು ದೋಣಿಯಲ್ಲಿ.

ಅಲ್ಲಿ ಕಂಡದ್ದು ಇಷ್ಟು. ಬ್ಯಾಟರಿಯ ತಲೆಯಲ್ಲಿ, ಏನೂ ಓಡದೇ ಇದ್ದಾಗ 12.4 ವೋಲ್ಟ್. ಕಾಗದದ ಮೇಲೆ ಪಾಸ್. ಸೆಟ್ ಆನ್ ಮಾಡಿ ಬರೀ ಕೇಳುವಾಗ, ಸೆಟ್ಟಿನ ಹಿಂದೆ 12.2. ಅದೂ ಪಾಸ್. ಹುಡುಗನಿಗೆ ಮೈಕಿನ ಕೀ ಒತ್ತು ಎಂದೆ. ಸೆಟ್ ಆರಿತು, ಹತ್ತಿತು. ಮೀಟರಿನ ಮುಳ್ಳಾಗಲಿ ಅಂಕಿಯಾಗಲಿ ಅಷ್ಟು ಬೇಗ ಓಡುವುದಿಲ್ಲ. ನನ್ನ ಮೀಟರಿನಲ್ಲಿ ಅತಿ ಕಡಿಮೆ ಅಂಕಿಯನ್ನು ಹಿಡಿದಿಡುವ ಗುಂಡಿಯೊಂದಿದೆ, ಅದನ್ನು ಒತ್ತಿಟ್ಟು ಮತ್ತೊಮ್ಮೆ ಮಾಡಿಸಿದೆ. ಬ್ಯಾಟರಿಯ ತಲೆಯಲ್ಲಿ 11.8. ಸೆಟ್ಟಿನ ಹಿಂದೆ 10.2.

ಇನ್ನು ಸೆಟ್ಟಿನ ಕೈಪಿಡಿ ಏನು ಹೇಳುತ್ತದೆ ನೋಡಿ. ದೋಣಿಗೆ ಕೂರಿಸುವ ವಿಎಚ್‌ಎಫ್ ಸೆಟ್ಟುಗಳ ಹಿಂದೆ ಸಾಮಾನ್ಯವಾಗಿ ಅಚ್ಚಾಗಿರುವುದು 13.8 ವೋಲ್ಟ್, ಹೆಚ್ಚು ಕಡಿಮೆ ಶೇ. 15. ಲೆಕ್ಕ ಹಾಕಿ, ಕೆಳಗೆ ಸುಮಾರು 11.7, ಮೇಲೆ ಸುಮಾರು 15.9. ಇವೆರಡರ ನಡುವೆ ಇದ್ದರೆ ಅದು ರೇಡಿಯೋ, ಹೊರಗೆ ಹೋದರೆ ದೀಪ ಉರಿಯುವ ಡಬ್ಬ. ನಿಮ್ಮ ಷರತ್ತಿನಲ್ಲಿ ಇದ್ದದ್ದು ಒಂದೇ ಸಾಲು: ‘12 ವೋಲ್ಟ್ ಬ್ಯಾಟರಿ ಸಹಿತ’. ಸರಬರಾಜುದಾರ 12 ವೋಲ್ಟ್ ಬ್ಯಾಟರಿಯನ್ನೇ ಕೊಟ್ಟ. ಅವನ ಮೇಲೆ ಕೇಸು ಹಾಕಿದರೂ ನಿಲ್ಲುವುದಿಲ್ಲ.

12 ಎನ್ನುವುದು ಬ್ಯಾಟರಿಯ ಹೆಸರು, ಅದರ ಅಳತೆಯಲ್ಲ. ಸೀಸದ ಬ್ಯಾಟರಿಯೊಳಗೆ ಆರು ಮನೆ, ಒಂದೊಂದರಲ್ಲೂ 2 ವೋಲ್ಟಿಗೆ ಸ್ವಲ್ಪ ಮೇಲೆ. ಪೂರ್ತಿ ಚಾರ್ಜ್ ಆಗಿ ಸುಮ್ಮನೆ ಕೂತ ಬ್ಯಾಟರಿ 12.6, 12.7 ತೋರಿಸುತ್ತದೆ. ಅರ್ಧ ಖಾಲಿಯಾದಾಗ 12.2ರ ಆಸುಪಾಸು. 12ಕ್ಕಿಂತ ಕೆಳಗಿಳಿಯಿತು ಎಂದರೆ ಹೆಚ್ಚುಕಡಿಮೆ ತಳ ಕಂಡಿತು ಎಂದೇ. ಅಂದರೆ ಸರಿಯಾಗಿ 12 ವೋಲ್ಟ್ ತೋರಿಸುವ ‘12 ವೋಲ್ಟ್ ಬ್ಯಾಟರಿ’ ನಮ್ಮ ಕಸುಬಿನವರ ಲೆಕ್ಕದಲ್ಲಿ ಬಡಕಲು. ಹಾಗಾದರೆ ಸೆಟ್ ಮಾಡಿದವರು 13.8 ಎಂದು ಯಾಕೆ ಬರೆದರು? ಎಂಜಿನ್ ಓಡುತ್ತಾ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿರುವ ದೋಣಿಯಲ್ಲಿ ವೋಲ್ಟೇಜ್ ಅಲ್ಲಿಗೇ ಬಂದು ನಿಲ್ಲುವುದರಿಂದ. ಅವರು ಎಂಜಿನ್ ಓಡುವ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು. ನಮ್ಮ ದೋಣಿಗಳಲ್ಲಿ ಹೆಚ್ಚಿನವಕ್ಕೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಸಣ್ಣ ಎಂಜಿನ್. ಬ್ಯಾಟರಿಗೆ ಅದರಿಂದ ಹನಿ ಚಾರ್ಜೂ ಬರುವುದಿಲ್ಲ. ಸಹಾಯ ಕೇಳಬೇಕಾಗುವುದಂತೂ ಎಂಜಿನ್ ನಿಂತಾಗಲೇ.

ಮಾನ್ಯರೇ, ನಿಮ್ಮಲ್ಲಿ ಎಷ್ಟೋ ಜನ ರೈತರ ಮನೆಯಿಂದ ಬಂದವರು. ಲೋ ವೋಲ್ಟೇಜ್ ಎಂದರೆ ಏನು ಎಂದು ನಿಮಗೆ ಪಾಠ ಹೇಳಬೇಕಿಲ್ಲ. ರಾತ್ರಿ ಕರೆಂಟು ಬಂದಾಗ ತೋಟದ ಮನೆಯ ಬಲ್ಬು ಕೆಂಪಗೆ ಉರಿಯುತ್ತದೆ. ಬಲ್ಬು ಉರಿದಿದೆ ಎಂದು ಹೋಗಿ ಸ್ಟಾರ್ಟರ್ ಒತ್ತಿದರೆ ಮೋಟರು ಗುಂಯ್ ಅನ್ನುತ್ತದೆ, ನೀರು ಎತ್ತುವುದಿಲ್ಲ. ಬಲ್ಬಿಗೆ ಸಾಕಾದ ಕರೆಂಟು ಮೋಟರಿಗೆ ಸಾಲದು. ರೇಡಿಯೋದಲ್ಲೂ ಹೀಗೇ. ಕೇಳುವುದು ಬಲ್ಬಿನ ಕೆಲಸ, ಅರ್ಧ ಆಂಪಿಯರ್ ಸಾಕು. 25 ವ್ಯಾಟಿನಲ್ಲಿ ಮಾತಾಡುವುದು ಮೋಟರಿನ ಕೆಲಸ, ಐದು ಆರು ಆಂಪಿಯರ್ ಬೇಕು. ಸಾಮಾನು ಸ್ವೀಕರಿಸುವ ದಿನ ನಿಮ್ಮ ಕಚೇರಿಯವರು ಸೆಟ್ಟಿನ ದೀಪ ನೋಡಿ, ಒಳಗಿಂದ ಬರುವ ಶಬ್ದ ಕೇಳಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆದರು. ಬಲ್ಬು ನೋಡಿ ಮೋಟರಿಗೆ ಸರ್ಟಿಫಿಕೇಟ್ ಕೊಟ್ಟ ಹಾಗಾಯಿತು.

ಬ್ಯಾಟರಿಯಲ್ಲಿ 11.8 ಇದ್ದದ್ದು ಸೆಟ್ಟಿನ ಹಿಂದೆ 10.2 ಆದದ್ದು ಹೇಗೆ ಎಂದು ಕೇಳಬಹುದು. ಬ್ಯಾಟರಿ ಹಿಂದಿನ ಸೀಟಿನ ಕೆಳಗಿತ್ತು, ಸೆಟ್ ಮುಂದೆ. ನಡುವೆ ನಾಲ್ಕು ಮೀಟರ್. ಕರೆಂಟು ಹೋಗಿ ವಾಪಸ್ ಬರಬೇಕಲ್ಲ, ಹಾಗಾಗಿ ಲೆಕ್ಕಕ್ಕೆ ಎಂಟು ಮೀಟರ್. ಎಳೆದಿದ್ದದ್ದು ಹಬ್ಬದ ದಿನ ಸ್ಪೀಕರ್ ಬಾಕ್ಸಿಗೆ ಎಳೆಯುವಂಥ ಜೋಡಿ ವೈರು, ಮುಕ್ಕಾಲು ಚದರ ಮಿಲಿಮೀಟರಿನದ್ದು. ಅಷ್ಟು ಸಣ್ಣ ತಾಮ್ರ ಎಂಟು ಮೀಟರಿಗೆ ಸುಮಾರು 0.2 ಓಮ್ ಅಡ್ಡ ನಿಲ್ಲುತ್ತದೆ. ಐದೂವರೆ ಆಂಪಿಯರ್ ಅದರಲ್ಲಿ ಹರಿದರೆ 1.1 ವೋಲ್ಟ್ ದಾರಿಯಲ್ಲೇ ಖರ್ಚು. ಉಳಿದ ಅರ್ಧ ವೋಲ್ಟ್ ಎಲ್ಲಿ ಹೋಯಿತು ಎಂದು ಹುಡುಕಿದೆ. ನಡುವೆ ಒಂದು ಜಾಯಿಂಟ್ ಸಿಕ್ಕಿತು. ವೈರು ಸಾಲದೆ ಎರಡು ತುಂಡು ಸೇರಿಸಿ, ಕೈಯಲ್ಲಿ ಹೊಸೆದು ಟೇಪು ಸುತ್ತಿದ್ದರು. ಟೇಪು ಬಿಚ್ಚಿದರೆ ತಾಮ್ರ ಪಾಚಿಗಟ್ಟಿದ ಹಾಗೆ ಹಸಿರಾಗಿತ್ತು, ಉಗುರಲ್ಲಿ ಕೆರೆದರೆ ಪುಡಿ ಉದುರಿತು. ಅಲ್ಲೇ ಇತ್ತು ಅರ್ಧ ವೋಲ್ಟು.

ಅದೇ ದೂರಕ್ಕೆ ನಾಲ್ಕು ಚದರ ಮಿಲಿಮೀಟರಿನ ವೈರು ಎಳೆದಿದ್ದರೆ ಕಾಲು ವೋಲ್ಟೂ ನಷ್ಟವಾಗುತ್ತಿರಲಿಲ್ಲ. ಬೆಲೆಯ ವ್ಯತ್ಯಾಸ ನೂರರ ಲೆಕ್ಕದಲ್ಲಿ. ಎಷ್ಟು ನೂರು ಎಂದು ಬರೆದರೆ ನೀವು ನಗುತ್ತೀರಿ.

ಇನ್ನು ಬ್ಯಾಟರಿ. ಅದು 7 ಆಂಪಿಯರ್ ಅವರ್, ಅಂದರೆ ಆಂಪಿಯರ್-ಗಂಟೆಯದ್ದು; ಬ್ಯಾಟರಿಯ ಹೊಟ್ಟೆ ಎಷ್ಟು ದೊಡ್ಡದು ಎನ್ನುವ ಅಳತೆ ಅದು. ಕಂಪ್ಯೂಟರಿನ ಪುಟ್ಟ ಯುಪಿಎಸ್ ಒಳಗಿರುತ್ತದಲ್ಲ, ಇಟ್ಟಿಗೆಯಷ್ಟು ದೊಡ್ಡದು, ಅದೇ. ಕರೆಂಟು ಹೋದಾಗ ಫೈಲು ಸೇವ್ ಮಾಡಿಕೊಳ್ಳಲು ಹತ್ತು ನಿಮಿಷ ಸಿಗಲಿ ಎಂದು ಮಾಡಿದ ಬ್ಯಾಟರಿಯನ್ನು ನಡುಕೆರೆಗೆ ಕಳಿಸಿದ್ದೀರಿ. ಮೇಲಾಗಿ ಅದು ಹಿಂದಿನ ಮಳೆಗಾಲದಿಂದ ಶೆಡ್ಡಿನಲ್ಲಿ ಬಿದ್ದಿತ್ತು. ಸೀಸದ ಬ್ಯಾಟರಿ ಸುಮ್ಮನೆ ಕೂತರೂ ಇಳಿಯುತ್ತದೆ, ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಶೆಡ್ಡಿನಲ್ಲಿ ಇನ್ನೂ ಬೇಗ. ಇಳಿದದ್ದನ್ನು ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟುತ್ತದೆ. ಆಮೇಲೆ ಚಾರ್ಜಿಗೆ ಹಾಕಿದರೆ ಮೀಟರಿನಲ್ಲಿ ವೋಲ್ಟೇಜ್ ಏರಿದ್ದು ಕಾಣುತ್ತದೆ, ಒಳಗೆ ಶಕ್ತಿ ಇರುವುದಿಲ್ಲ. ತುಂಬಿದ ಹಾಗೆ ಕಾಣುವ ಹರಕು ಜೇಬು. ಇಂಥವನ್ನು ನಾನು ದಿನಾ ನೋಡುತ್ತೇನೆ.

ಎಷ್ಟು ದೊಡ್ಡದು ಬೇಕು ಎನ್ನುವುದು ಎಂಟನೇ ಕ್ಲಾಸಿನ ಲೆಕ್ಕ. ಒಂದು ಕಾರ್ಯಾಚರಣೆ ಎಂಟು ಗಂಟೆ ಎಂದಿಟ್ಟುಕೊಳ್ಳಿ. ಕೇಳುತ್ತಾ ಕೂರಲು ಗಂಟೆಗೆ ಅರ್ಧ ಆಂಪಿಯರಿನಂತೆ ನಾಲ್ಕು. ಹತ್ತರಲ್ಲೊಂದು ಪಾಲು ಸಮಯ ಮಾತಾಡಿದರೂ ಇನ್ನೊಂದು ನಾಲ್ಕೂವರೆ. ಒಟ್ಟು ಎಂಟೂವರೆ ಆಂಪಿಯರ್ ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ವೋಲ್ಟೇಜ್ ಕೆಡುತ್ತದೆ, ಬ್ಯಾಟರಿಯೂ ಕೆಡುತ್ತದೆ. ಹಾಗಾಗಿ ಹದಿನೇಳು. ಹಳತಾಗುವುದನ್ನೂ ಸೇರಿಸಿಕೊಂಡರೆ 26 ಆಂಪಿಯರ್ ಅವರ್ ಹಾಕಿದವನು ರಾತ್ರಿ ನಿದ್ದೆ ಮಾಡಬಹುದು. ದೊಡ್ಡ ಹಡಗುಗಳಿಗೆ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಹಡಗಿನ ಕರೆಂಟು ಹೋದರೂ ರೇಡಿಯೋಗೆಂದೇ ಮೀಸಲು ಶಕ್ತಿ ಇರಬೇಕು, ತುರ್ತು ವಿದ್ಯುತ್ ವ್ಯವಸ್ಥೆ ಇರುವ ಹಡಗಿನಲ್ಲಿ ಕನಿಷ್ಠ 1 ಗಂಟೆ, ಇಲ್ಲದ ಹಡಗಿನಲ್ಲಿ 6 ಗಂಟೆ ಎನ್ನುತ್ತದೆ ಅದು. ಆ ನಿಯಮ ನಮ್ಮ ಕೆರೆಯ ದೋಣಿಗೆ ಅನ್ವಯಿಸುವುದಿಲ್ಲ, ಗೊತ್ತು. ಆದರೆ ಆ ಆರು ಗಂಟೆಯ ಹಿಂದೆ ಇರುವ ಯೋಚನೆ ನಮ್ಮ ಕೆರೆಗೂ ಸಲ್ಲುತ್ತದೆ.

ಇಲ್ಲೊಂದು ಮಾತು ಹೇಳಲೇಬೇಕು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂಥ ಸೆಟ್ಟುಗಳಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ 25 ವ್ಯಾಟ್ ಹೋಗಿ 1 ವ್ಯಾಟ್ ಆಗುತ್ತದೆ. 1 ವ್ಯಾಟಿನಲ್ಲಿ ಮಾತಾಡಲು ಒಂದೂ ಕಾಲು ಆಂಪಿಯರ್ ಸಾಕು. ಆ ಹಳೇ ಬ್ಯಾಟರಿ, ಆ ಹರಕು ವೈರು, ಆ ಹಸಿರು ಜಾಯಿಂಟ್ ಹಾಗೇ ಇಟ್ಟುಕೊಂಡು ನಾನು ಆ ಗುಂಡಿ ಒತ್ತಿ ಕೀ ಹಿಡಿದೆ. ಸೆಟ್ ಆರಲಿಲ್ಲ. ಏರಿಯ ಮೇಲಿದ್ದವನ ವಾಕಿಟಾಕಿಯಲ್ಲಿ ನನ್ನ ದನಿ ಚೊಕ್ಕವಾಗಿ ಬಂತು. ಆ ಕೆರೆ ಉದ್ದಕ್ಕೆ ಎರಡು ಕಿಲೋಮೀಟರೂ ಇಲ್ಲ, ನಡುವೆ ಅಡ್ಡ ಬರಲು ಗುಡ್ಡವೂ ಇಲ್ಲ. ಬಯಲು ನೀರಿನ ಮೇಲೆ 1 ವ್ಯಾಟ್ ಧಾರಾಳವಾಯಿತು. ಹುಡುಗರು ಆ ಗುಂಡಿಯನ್ನೇ ನೋಡುತ್ತಾ ನಿಂತರು. ಅವರಲ್ಲೊಬ್ಬ, “ಇದನ್ನ ಯಾರೂ ಹೇಳ್ಲೇ ಇಲ್ವಲ್ಲಣ್ಣ” ಎಂದ. ತರಬೇತಿ ಆಗಿತ್ತಂತೆ, ಅರ್ಧ ದಿನ. ಫೋಟೋ ತೆಗೆದಿದ್ದರಂತೆ.

ನಾನೇನು ಹುಟ್ಟುತ್ತಲೇ ಇದನ್ನೆಲ್ಲ ಕಲಿತು ಬಂದವನಲ್ಲ. ಮಲ್ಪೆಗೆ ಹೋದ ಹೊಸತರಲ್ಲಿ ಒಂದು ದೋಣಿಗೆ ರೇಡಿಯೋ ಹಾಕಿದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಲೇ ಸೆಟ್ಟಿಗೂ ಲೈನ್ ಕೊಟ್ಟೆ. ವೈರು ಉಳಿಯಿತು ಎಂದು ಹೆಮ್ಮೆ ಬೇರೆ. ಅಂಗಡಿಯ ಹಿರಿಯ ಮೆಕ್ಯಾನಿಕ್ ಬಂದು ನೋಡಿ ಏನೂ ಬೈಯಲಿಲ್ಲ. ಮೀಟರಿನ ಎರಡು ಕಡ್ಡಿ ನನ್ನ ಕೈಗೆ ಕೊಟ್ಟು, “ಹಿಡ್ಕೋ ಮಾರಾಯ” ಎಂದು ಎಂಜಿನ್ ಕೀ ತಿರುಗಿಸಿದರು. ಸ್ಟಾರ್ಟರ್ ಮೋಟರು ತಿರುಗುವಾಗ ವೋಲ್ಟೇಜ್ 9.4ಕ್ಕೆ ಬಿತ್ತು, ರೇಡಿಯೋ ಆರಿ ಹತ್ತಿತು. ಆಮೇಲೆ ಹತ್ತು ಸಲ ತಿರುಗಿಸಿದರು, ಹತ್ತು ಸಲವೂ ನನಗೇ ಓದಲು ಹೇಳಿದರು. “ಇದು ಬಂದರು, ಪಕ್ಕದಲ್ಲಿ ನಾನಿದ್ದೇನೆ. ಹೊರಗೆ ಹೋದ ಮೇಲೆ ಬ್ಯಾಟರಿ ಅಂಗಡಿ ಎಲ್ಲುಂಟು?” ಎಂದರು. ಅವತ್ತಿನಿಂದ ರೇಡಿಯೋಗೆ ಬೇರೆ ಬ್ಯಾಟರಿ, ಬೇರೆ ದಪ್ಪ ವೈರು, ಬ್ಯಾಟರಿಯ ಬುಡದಲ್ಲೇ 10 ಆಂಪಿಯರ್ ಫ್ಯೂಸು. ಸಮುದ್ರದಲ್ಲಿ ಆಪತ್ತಿನ ಕರೆ ಹೋಗುವುದು ಚಾನೆಲ್ 16ರಲ್ಲಿ, 156.8 ಮೆಗಾಹರ್ಟ್ಸ್‌ನಲ್ಲಿ. ಹೊಸ ಸೆಟ್ಟುಗಳಲ್ಲಿ ಮುಚ್ಚಳದ ಕೆಳಗೊಂದು ಕೆಂಪು ಗುಂಡಿಯೂ ಇದೆ. ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ತಾನೇ ಆಪತ್ತಿನ ಸಂದೇಶ ಕಳಿಸುತ್ತದೆ. ಮಾತಾಡಲು ಆಗದಿದ್ದರೂ ಅದೊಂದಿದೆಯಲ್ಲ ಎಂದು ಕೆಲವರು ಧೈರ್ಯದಲ್ಲಿರುತ್ತಾರೆ. ಆ ಸಂದೇಶ ಹೋಗುವುದೂ ಪೂರ್ತಿ 25 ವ್ಯಾಟಿನಲ್ಲೇ. ಬ್ಯಾಟರಿ ಬಿದ್ದರೆ ಕೆಂಪು ಗುಂಡಿಯೂ ಬೀಳುತ್ತದೆ.

ಈ ಪತ್ರ ಓದಿ ನೀವು ಗಡಿಬಿಡಿಯಲ್ಲಿ ಇನ್ನೊಂದು ಟೆಂಡರ್ ಕರೆಯುತ್ತೀರೇನೋ ಎಂಬ ಭಯವೂ ನನಗಿದೆ. ಈಗ ಎಲ್ಲರ ಬಾಯಲ್ಲೂ ಲಿಥಿಯಂ. ಒಳ್ಳೆಯದೇ, ಹಗುರ, ಬಾಳಿಕೆಯೂ ಜಾಸ್ತಿ. ಆದರೆ ಲಿಥಿಯಂನಲ್ಲಿ ‘12 ವೋಲ್ಟ್’ ಎಂಬ ಒಂದೇ ಚೀಟಿ ಅಂಟಿಸಿಕೊಂಡು ಬರುವ ಬೇರೆ ಬೇರೆ ಜಾತಿಗಳಿವೆ. ಕಬ್ಬಿಣದ ಫಾಸ್ಫೇಟಿನ ನಾಲ್ಕು ಸೆಲ್ ಇರುವುದು 12.8, ಖಾಲಿಯಾಗುವ ತನಕ ಹೆಚ್ಚು ಕಡಿಮೆ 13ರ ಹತ್ತಿರವೇ ನಿಲ್ಲುತ್ತದೆ. ರೇಡಿಯೋಗೆ ಹೇಳಿ ಮಾಡಿಸಿದ ಹಾಗೆ. ಲ್ಯಾಪ್‌ಟಾಪಿನೊಳಗೆ ಇರುವ ಜಾತಿಯ ಮೂರು ಸೆಲ್ ಕಟ್ಟಿದ್ದು 11.1. ತುಂಬಿದಾಗ 12.6 ತೋರಿಸಿ ನಿಮ್ಮನ್ನು ಮೆಚ್ಚಿಸುತ್ತದೆ, ಅರ್ಧಕ್ಕೆ ಬರುವ ಹೊತ್ತಿಗೆ 11.7ರ ಕೆಳಗೆ ಜಾರಿರುತ್ತದೆ. ಅದೇ ಜಾತಿಯ ನಾಲ್ಕು ಸೆಲ್ ಕಟ್ಟಿದರೆ ತುಂಬಿದಾಗ 16.8, ಸೆಟ್ಟಿನ ಮೇಲಿನ ಗೆರೆಯನ್ನೇ ದಾಟಿತು. ಮೂರನ್ನೂ ಒಂದೇ ಬಣ್ಣದ ಡಬ್ಬಿಯಲ್ಲಿಟ್ಟು ಕೊಡಬಹುದು, ‘12 ವೋಲ್ಟ್ ಲಿಥಿಯಂ’ ಎಂದು ಬರೆದ ಷರತ್ತಿಗೆ ಮೂರೂ ಹೊಂದುತ್ತವೆ.

ಸೋಲಾರ್ ಹಾಕಿಸೋಣ ಎಂದು ಯಾರಾದರೂ ಹೇಳುತ್ತಾರೆ, ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಟುಕೊಂಡ ಜಿಲ್ಲೆ ನಮ್ಮದು, ಹೇಳದೆ ಇರುತ್ತಾರೆಯೇ. ಹಾಕಿಸಿ. ಆದರೆ ‘12 ವೋಲ್ಟ್ ಪ್ಯಾನೆಲ್’ ಬಿಸಿಲಿಗೆ ಹಿಡಿದರೆ, ಏನನ್ನೂ ತಗಲಿಸದ ತುದಿಯಲ್ಲಿ 21, 22 ವೋಲ್ಟ್ ಕೊಡುತ್ತದೆ. ನಡುವೆ ಚಾರ್ಜ್ ಕಂಟ್ರೋಲರ್, ಬ್ಯಾಟರಿ ಇಲ್ಲದೆ ನೇರ ಸೆಟ್ಟಿಗೆ ಕೊಟ್ಟರೆ ಸೆಟ್ಟಿಗೆ ತಿಥಿ. ಇನ್ನು 24 ವೋಲ್ಟಿನ ದೊಡ್ಡ ದೋಣಿ ಬಂದರೆ ನಮ್ಮ ಲಾರಿಯವರ ಚಾಳಿ ಅಲ್ಲಿಗೆ ಬರುವುದು ಬೇಡ. ಲಾರಿಯಲ್ಲಿ ಎರಡು ಬ್ಯಾಟರಿ ಇರುತ್ತವೆ, ಟೇಪ್ ರೆಕಾರ್ಡರಿಗೆ ಅಂತ ಒಂದರಿಂದ ಮಾತ್ರ ಲೈನ್ ಕದಿಯುತ್ತಾರೆ. ಆರು ತಿಂಗಳಲ್ಲಿ ಆ ಒಂದು ಬ್ಯಾಟರಿ ಸತ್ತು ನನ್ನ ಅಂಗಡಿಗೆ ಬರುತ್ತದೆ. ನನಗೆ ವ್ಯಾಪಾರ, ಇರಲಿ. ದೋಣಿಯಲ್ಲಿ ಮಾತ್ರ 24ನ್ನು 13.8ಕ್ಕೆ ಇಳಿಸುವ ಕನ್ವರ್ಟರನ್ನೇ ಹಾಕಿಸಿ.

ಹಾಗಾಗಿ ನಿಮ್ಮಲ್ಲಿ ನನ್ನ ವಿನಂತಿ ಮುಖ್ಯವಾಗಿ ಒಂದೇ. ಮುಂದಿನ ಷರತ್ತಿನಲ್ಲಿ ಬ್ಯಾಟರಿಯ ಹೆಸರು ಬರೆಯುವುದನ್ನು ಬಿಟ್ಟು, ಸೆಟ್ಟಿನ ಹಿಂದೆ ಏನು ತಲುಪಬೇಕು ಎಂದು ಬರೆಯಿರಿ. ಮಾದರಿ ಬೇಕಾದರೆ ನಾನೇ ಕೊಡುತ್ತೇನೆ: ‘ಎಂಜಿನ್ ನಿಂತಿರುವಾಗ, ಪೂರ್ಣ ಶಕ್ತಿಯಲ್ಲಿ ಮೈಕಿನ ಕೀ ಹತ್ತು ಸೆಕೆಂಡ್ ಒತ್ತಿ ಹಿಡಿದಾಗ, ಸೆಟ್ಟಿನ ವೈರ್ ತುದಿಯಲ್ಲಿ ವೋಲ್ಟೇಜ್ 12ಕ್ಕಿಂತ ಕಡಿಮೆ ಇರಕೂಡದು.’ 11.7 ತಯಾರಕರ ಗೆರೆ, ಅದರ ಮೇಲೆ ಒಂದಿಷ್ಟು ನಮ್ಮ ಉಸಿರಿಗೆ. ಈ ಒಂದು ಸಾಲು ಇದ್ದರೆ ಸರಬರಾಜುದಾರ ತಾನಾಗಿಯೇ ದಪ್ಪ ವೈರು ಹುಡುಕುತ್ತಾನೆ, ಜಾಯಿಂಟ್ ಬಿಡುತ್ತಾನೆ, ಇಟ್ಟಿಗೆ ಬ್ಯಾಟರಿ ವಾಪಸ್ ತೆಗೆದುಕೊಂಡು ಹೋಗುತ್ತಾನೆ. ಸಾಮಾನು ಸ್ವೀಕರಿಸುವ ದಿನ ಪರೀಕ್ಷೆಯೂ ಹಾಗೇ ಆಗಲಿ, ಕೀ ಒತ್ತಿ. ಆಂಟೆನಾ ತಗಲಿಸಿದ ಮೇಲೆ ಒತ್ತಿ ಎಂದು ಬೇರೆ ಹೇಳಬೇಕು, ಇಲ್ಲದಿದ್ದರೆ ಪರೀಕ್ಷೆಯಲ್ಲೇ ಸೆಟ್ ಸುಡುತ್ತೀರಿ. ಪರೀಕ್ಷೆಗೆ ಮೊದಲು, ಸುಮ್ಮನೆ ಪ್ರಯೋಗ ಎಂದು ಹೇಳಿ ಶುರು ಮಾಡಿ, ಯಾರೋ ಮುಳುಗುತ್ತಿದ್ದಾರೆ ಎಂದು ಊರೆಲ್ಲ ಓಡಿ ಬರುವುದು ಬೇಡ.

ಇರುವ ದೋಣಿಗಳ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ, ದಿನಾಂಕ ಬರೆದಿಡಲು ಒಬ್ಬರನ್ನು ಹೊಣೆ ಮಾಡಿ. ನೀರು ಹಾಕುವ ಬ್ಯಾಟರಿ ಇದ್ದರೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ನಮ್ಮ ಬೋರಿನ ನೀರು ಕುಡಿದರೆ ಮನುಷ್ಯರ ಮೂಳೆಯೇ ಉಳಿಯುವುದಿಲ್ಲ, ಪ್ಲೇಟು ಉಳಿಯುತ್ತದೆಯೇ. ದೋಣಿಗೊಂದು ಕೈಯಲ್ಲಿ ಹಿಡಿಯುವ, ನೀರಿಗೆ ಬಿದ್ದರೂ ಕೆಡದ ಸೆಟ್ಟನ್ನೂ ಕೊಡಿ. ಅದರ 7.4 ವೋಲ್ಟಿನ ಬ್ಯಾಟರಿ ಅದರ ಹೊಟ್ಟೆಯಲ್ಲೇ ಇರುತ್ತದೆ, ಯಾರ ವೈರಿನ ಹಂಗೂ ಇಲ್ಲ. 5 ವ್ಯಾಟ್ ನಮ್ಮ ಯಾವ ಕೆರೆಗೂ ಸಾಕು. ಮತ್ತೆ ಆ 1 ವ್ಯಾಟಿನ ಗುಂಡಿ. ಅದರ ಪಕ್ಕ ಕೆಂಪು ಪೇಂಟಿನಲ್ಲಿ ಕನ್ನಡದಲ್ಲಿ ‘ಸೆಟ್ ಆಫ್ ಆದರೆ ಇದನ್ನು ಒತ್ತಿ’ ಎಂದು ಬರೆಸಲು ಟೆಂಡರ್ ಬೇಕಿಲ್ಲ. ಆ ಮೂವರ ದೋಣಿಯಲ್ಲಿ ನಾನೇ ಬರೆದು ಬಂದಿದ್ದೇನೆ, ಅಕ್ಷರ ಸ್ವಲ್ಪ ಸೊಟ್ಟಗಾಗಿದೆ. ವೈರನ್ನೂ ಬದಲಿಸಿದ್ದೇನೆ. ಬಿಲ್ ಕೊಟ್ಟಿಲ್ಲ, ಯಾವ ಹೆಡ್ಡಿನಲ್ಲಿ ಕೊಡುವುದೋ ಅವರಿಗೂ ಗೊತ್ತಿರಲಿಲ್ಲ.

ಮೂರು ಜಿಲ್ಲೆಗಳಲ್ಲಿ ಇಂಥ ಸೆಟ್ ಇರುವ ದೋಣಿಗಳು ಎಲ್ಲೆಲ್ಲಿವೆ ಎಂದು ತಿಳಿಸಿದರೆ ಭಾನುವಾರಗಳಂದು ನಾನೇ ಮೀಟರ್ ತೆಗೆದುಕೊಂಡು ಬರುತ್ತೇನೆ. ಅವತ್ತು ಅಂಗಡಿಗೆ ರಜೆ. ಸಂಬಳ, ಭತ್ಯೆ ಏನೂ ಬೇಡ, ಬಸ್ಸಿನ ಖರ್ಚು ನನ್ನದೇ. ನಾನು ಮೀಟರ್ ಓದುವಾಗ ಆ ಕಡೆ ಮೈಕಿನ ಕೀ ಒತ್ತಿ ಹಿಡಿಯಲು ಒಬ್ಬರನ್ನು ಕಳಿಸಿಕೊಡಿ. ಷರತ್ತು ಬರೆದವರೇ ಬಂದರೆ ಇನ್ನೂ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಶಿರಾ ಗೇಟಿನ ಬ್ಯಾಟರಿ ಅಂಗಡಿಯವನು,
ತುಮಕೂರು.